ಕೇಳದೆ ಕೂಗಬಾರದೆಂದ ನರಿರಾಜ

ಬಿದಿರು ದಟ್ಟವಾಗಿದ್ದ ಒಂದು ಕಾಡಿನಲ್ಲಿ ಕೆಂಚಪ್ಪ ಎಂಬ ನರಿ ಜೇನಿನ ಮಂಡಿ ನಡೆಸುತ್ತಿತ್ತು. ಕರಡಿಗಳಿಂದ ದುಡಿಸಿ, ಅಳಿಲುಗಳಿಂದ ಮಾರಿಸಿ, ತಾನು ಮಾತ್ರ ನೆರಳಲ್ಲಿ ಕೂತು ದಪ್ಪಗಾಗಿತ್ತು. ರಾಜನಾಗಿದ್ದ ಮುದಿ ಆನೆ ಸತ್ತಾಗ, ಇಷ್ಟು ದೊಡ್ಡ ಮಂಡಿ ನಡೆಸಿದವನಿಗೆ ಈ ಕಾಡು ಯಾವ ಲೆಕ್ಕ ಎನ್ನುತ್ತಾ ಎಲ್ಲರ ಮೂಗಿಗೆ ತುಪ್ಪ ಸವರಿತು. ಪ್ರಾಣಿಗಳು ನಂಬಿ ಅದನ್ನೇ ರಾಜನನ್ನಾಗಿ ಮಾಡಿದವು. ಆಗಷ್ಟೇ ಮರಿ ಹಾಕಿದ್ದ ಚಿತ್ತಾರಿ ಎಂಬ ಜಿಂಕೆಯೂ ನಂಬಿತು, ಪಾಪ.

ಆ ಕಾಡಿನಲ್ಲೊಂದು ಪದ್ಧತಿಯಿತ್ತು. ಜಿಂಕೆಗಳು ಕೆರೆಗೆ ಬಂದಾಗ ಮುಸುವಜ್ಜ ಎಂಬ ಮುದಿ ಕೋತಿ ದಡದ ಮರದ ತುದಿಯಲ್ಲಿ ಕೂತು ಕಾಯುತ್ತಿತ್ತು. ಚಿರತೆ ಕಂಡರೆ ಕೂಗುತ್ತಿತ್ತು. ನರಿಗೆ ಆ ಮರದ ಹಣ್ಣಿನ ಮೇಲೆ ಕಣ್ಣು. ದಿನವಿಡೀ ಎಲೆ ತಿನ್ನುವ ಸೋಮಾರಿ ಎಂದು ಮುಸುವಜ್ಜನನ್ನು ಇಳಿಸಿ ಕಾಡಿನಂಚಿಗೆ ಅಟ್ಟಿತು. ಕೂಗಾಟದಿಂದ ರಾಜ್ಯಕ್ಕೆ ಕೆಟ್ಟ ಹೆಸರು, ಕೆಟ್ಟ ಸುದ್ದಿಯನ್ನು ಮೊದಲು ತನ್ನ ಗವಿಯ ಬಾಗಿಲು ಕಾಯುವ ಮೊಲಕ್ಕೆ ಹೇಳಿ, ರಾಜನ ಒಪ್ಪಿಗೆ ಪಡೆದೇ ಕೂಗಬೇಕು ಎಂದು ಡಂಗುರ ಸಾರಿಸಿತು. ಮಂಡಿಯಲ್ಲಿ ಹೀಗೇ ನಡೆಯುತ್ತಿತ್ತಂತೆ.

ಒಂದು ಸಂಜೆ ಚಿತ್ತಾರಿಯ ಮರಿ ನೀರಿಗೆ ಬಾಯಿ ಹಾಕಿತ್ತು. ಪೊದೆಯಲ್ಲಿ ಚಿರತೆಯ ಬಾಲ ಅಲುಗಿತು. ಗವಿಗೆ ಓಡಿ ಒಪ್ಪಿಗೆ ತರುವಷ್ಟರಲ್ಲಿ ಮರಿ ಉಳಿದೀತೇ? ಆಜ್ಞೆ ಹಾಳಾಗಿ ಹೋಗಲಿ ಎಂದು ಚಿತ್ತಾರಿ ಗಂಟಲು ಹರಿಯುವಂತೆ ಕೂಗಿತು. ಹಿಂಡೆಲ್ಲ ದಿಕ್ಕಾಪಾಲಾಗಿ ಓಡಿತು. ಮರಿಯೂ ತಾಯಿಯ ಹಿಂದೆಯೇ ಓಡಿ ಬದುಕಿತು.

ಬೇಟೆ ತಪ್ಪಿದ ಚಿರತೆ ನರಿಯ ಗವಿಯತ್ತ ತಿರುಗಿತು. ಅದನ್ನು ಕಂಡ ಮೊಲ ಕೂಗಲು ಬಾಯಿ ತೆರೆಯಿತು. ಆಜ್ಞೆ ನೆನಪಾಯಿತು. ಒಪ್ಪಿಗೆ ಕೇಳೋಣವೆಂದು ಇಣುಕಿದರೆ ರಾಜನಿಗೆ ಗೊರಕೆ. ನಿದ್ದೆಯಿಂದ ಎಬ್ಬಿಸಬಾರದು ಎಂಬುದೂ ಆಜ್ಞೆಯೇ. ಮೊಲ ಸದ್ದಿಲ್ಲದೆ ಕಾಲ್ಕಿತ್ತು ಜಿಂಕೆಗಳ ಹಿಂಡು ಸೇರಿತು.

ಅರ್ಧ ಬಾಲವನ್ನು ಚಿರತೆಯ ಬಾಯಿಗೆ ಕೊಟ್ಟು ತಪ್ಪಿಸಿಕೊಂಡ ನರಿ ಏದುಸಿರು ಬಿಡುತ್ತಾ ಜಿಂಕೆಗಳ ನಡುವೆ ಬಂದು ಬಿತ್ತು.

"ನನಗೆ ಯಾಕೆ ಯಾರೂ ಕೂಗಿ ಹೇಳಲಿಲ್ಲ?"

"ತಮ್ಮ ಒಪ್ಪಿಗೆ ಸಿಕ್ಕಿರಲಿಲ್ಲವಲ್ಲ, ಒಡೆಯಾ," ಎಂದಿತು ಮೊಲ.

ಚಿತ್ತಾರಿ ಮುಂದೆ ಬಂತು. "ಮಂಡಿಯಲ್ಲಿ ತಪ್ಪಾದರೆ ಜೇನು ಚೆಲ್ಲುತ್ತೆ, ಕೆಂಚಪ್ಪ. ಇಲ್ಲಿ ನನ್ನ ಮರಿ ಹೋಗ್ತಿತ್ತು. ನೀನು ನಮಗೆ ಬೇಡ."

ಪ್ರಾಣಿಗಳೆಲ್ಲ ಹೌದೆಂದವು. ನರಿ ಮೋಟು ಬಾಲ ಹೊತ್ತು ಬೇರೆ ಕಾಡಿಗೆ ಹೋಯಿತು. ಬೀಳ್ಕೊಡಲು ಒಂದು ಇರುವೆಯೂ ಹೋಗಲಿಲ್ಲ.

ಮರುದಿನ ಪ್ರಾಣಿಗಳು ಮುಸುವಜ್ಜನನ್ನು ಕರೆತಂದು ಮರ ಹತ್ತಿಸಿದವು. ಅದು ಎಲೆ ಮೆಲ್ಲುತ್ತಾ ಕೂತದ್ದನ್ನು ನೋಡಿ ಚಿತ್ತಾರಿಯ ಎದೆಭಾರ ಇಳಿಯಿತು. ಮರಿಯ ಪಕ್ಕ ತಲೆ ತಗ್ಗಿಸಿ ಹೊಟ್ಟೆ ತುಂಬ ನೀರು ಕುಡಿಯಿತು.

ನೀತಿ: ಎಚ್ಚರಿಸುವವರ ಬಾಯಿ ಮುಚ್ಚಿಸಿದವನಿಗೆ ತನ್ನ ಮೇಲೆ ಬರುವ ಅಪಾಯವೂ ತಿಳಿಯುವುದಿಲ್ಲ.