ಆಂಪಿಗೆ ಹೊದಿಸಿದ ಶಾಲು

ಗಂಗಾವತಿಯ ಲೀಡರ್ ಪಂಪಣ್ಣ ಉರಿಬಿಸಿಲಲ್ಲೇ ದಸ್ತಗೀರನ ಕಾರ್ ಆಡಿಯೋ ಅಂಗಡಿ ಮುಂದೆ ಬಂದು ಗಾಡಿ ನಿಲ್ಲಿಸಿದ. ಹಿಂದೆ ಹಿಂಬಾಲಕರ ದಂಡು.

“ಲೇ, ಸೌಂಡ್ ಏರಿಸಿದ್ರ ನೀ ಹಾಕಿದ ಆಂಪ್ಲಿಫೈಯರ್ ಬಂದ್ ಆಗ್ತದ. ಪುಕ್ಕಟೆ ಹೊಸಾದು ಹಾಕು. ಇಲ್ಲಾಂದ್ರ ಅಂಗಡೀನ ಎತ್ತಿಸ್ತೀನಿ!”

ದಸ್ತಗೀರ ಸೀಟಿನ ಕೆಳಗೆ ಕೈ ಹಾಕಿದ. ಆಂಪ್ ಕೆಂಡದಂಗೆ ಕಾದಿತ್ತು. ಅದರ ಮೇಲೆ ಪಂಪಣ್ಣಗೆ ಸಿಕ್ಕ ಸನ್ಮಾನದ ಶಾಲುಗಳ ರಾಶಿ.

“ಆತು ಯಣ್ಣಾ. ಮೊದ್ಲು ನಿಮಗೊಂದು ಸನ್ಮಾನ ಮಾಡ್ತೀನಿ.”

ಸನ್ಮಾನ ಅಂದ್ರೆ ಪಂಪಣ್ಣ ಬ್ಯಾಡ ಅಂದಾನಾ? ಬಿಸಿಲಲ್ಲೇ ಎದೆಯುಬ್ಬಿಸಿ ನಿಂತ. ದಸ್ತಗೀರ ಅವೇ ಶಾಲುಗಳನ್ನ ಒಂದರ ಮೇಲೊಂದು ಹೊದಿಸಿದ.

“ಈಗ ಜೋರಾಗಿ ಭಾಷಣ ಮಾಡ್ರಿ.”

ಎರಡು ಮಾತಿಗೇ ಪಂಪಣ್ಣ ಬೆವತು ತೊಪ್ಪೆಯಾದ. “ತೆಗಿಯೋ! ಉಸಿರು ಕಟ್ತದ, ಮಾತೇ ಹೊರಡವಲ್ದು!”

“ನಿಮ್ಮ ಆಂಪೂ ಇದನ್ನೇ ಹೇಳಾಕತ್ತಿತ್ತು.”

ಅಷ್ಟರಲ್ಲಿ ತಣ್ಣಗಾಗಿದ್ದ ಆಂಪ್ ತಾನಾಗೇ ಹಾಡೋಕೆ ಶುರುಮಾಡ್ತು. ಹಿಂಬಾಲಕರು ಕಿಸಕ್ಕಂದ್ರು.

“ಶಾಲು ಮನೀಗೆ ಒಯ್ರಿ ಯಣ್ಣಾ,” ಅಂದ ದಸ್ತಗೀರ. “ಅಂಗಡಿ ಇಲ್ಲೇ ಇರ್ತದ.”