ಮಲ್ಲಾಜಮ್ಮನ ಮಡಿಸುವ ಚಾಕು

ಒಂದು ಸಣ್ಣ ಪಾಳೆಯಪಟ್ಟು. ಕೆಂಗಣ್ಣ ನಾಯಕ ಅದರ ಒಡೆಯ. ಅವನ ಅರಮನೆಗೆ ಹೂ ಕಟ್ಟುತ್ತಿದ್ದವಳು ಮಲ್ಲಾಜಮ್ಮ. ಅವಳ ಕೈಚಳಕ ಮೆಚ್ಚಿದ ನಾಯಕ ಒಂದು ದಿನ ಚಾಕು-ಕತ್ತಿಗಳ ವ್ಯಾಪಾರಿಯನ್ನು ಕರೆಸಿ, ಅವಳಿಗೆ, "ನನ್ನ ಉಡುಗೊರೆ. ನಿತ್ಯ ಜೊತೆಗಿಟ್ಟುಕೊಳ್ಳೋಕೆ ಒಂದು ಆರಿಸಿಕೋ" ಎಂದ.

ಮಲ್ಲಾಜಮ್ಮ ಪುಟ್ಟ ಮಡಿಸುವ ಚಾಕು ಎತ್ತಿಕೊಂಡಳು. ಅದು ಹೆಬ್ಬೆರಳಿನಿಂದ ಒತ್ತಿದರೆ ತೆರೆಯಿತು, ಬಾಳೆನಾರನ್ನು ಸರಕ್ಕನೆ ಕತ್ತರಿಸಿತು, ಮಡಿಸಿದರೆ ಎಲೆಯಡಿಕೆ ಚೀಲದಲ್ಲಿ ಅಡಗಿತು.

ನಾಯಕ ಸಿಡಿಮಿಡಿಗೊಂಡ. "ನಾನು ಕೊಟ್ಟದ್ದು ಇಷ್ಟೇನಾ ಅಂತ ಜನ ನಗಬೇಕಾ? ನನ್ನ ಮರ್ಯಾದೆ ಏನಾಗಬೇಕು? ಈ ಚಿನ್ನದ ಹಿಡಿಯ ಬಾಕು ತಗೋ. ದಿನವೂ ಸೊಂಟದಲ್ಲಿರಬೇಕು. ಇಲ್ಲದಿದ್ರೆ ಅರಮನೆ ಕೆಲಸ ಬಿಡು!"

"ಅಪ್ಪಣೆ, ಬುದ್ಧಿ" ಎಂದಳು ಮಲ್ಲಾಜಮ್ಮ.

ಮರುದಿನ ನಾಯಕ ಹೊರಬಂದರೆ ಬಾಗಿಲಲ್ಲಿ ಕಾವಲುಗಾರರೇ ಇಲ್ಲ! ಹುಡುಕುತ್ತಾ ಹೂತೋಟಕ್ಕೆ ಹೋದ. ಮಲ್ಲಾಜಮ್ಮ ಚಿನ್ನದ ಹಿಡಿಯ ಬಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲ್ಲಿಗೆ ಬಿಡಿಸುತ್ತಿದ್ದಳು. ಅವಳ ಎಡಕ್ಕೊಬ್ಬ, ಬಲಕ್ಕೊಬ್ಬ ಕಾವಲುಗಾರರು ಭರ್ಜಿ ಹಿಡಿದು ನಿಂತಿದ್ದರು.

"ಇವರಿಗೇನು ಇಲ್ಲಿ ಕೆಲಸ?" ನಾಯಕ ಗುಡುಗಿದ.

"ನಿಮ್ಮ ಮರ್ಯಾದೆ ಕಾಯ್ತಿದ್ದಾರೆ, ಬುದ್ಧಿ. ಅದನ್ನ ನನ್ನ ಸೊಂಟಕ್ಕೆ ಕಟ್ಟಿದ್ದೀರಲ್ಲ, ಕಳ್ಳರು ಹೊತ್ಕೊಂಡು ಹೋದ್ರೆ? ಅದಕ್ಕೇ ನಾನೇ ಕರೆದೆ; ನಿಮ್ಮ ಮರ್ಯಾದೆ ಅಂದ ಕೂಡಲೇ ಓಡಿ ಬಂದ್ರು. ಸಂತೆಗೂ ಕೆರೆಗೂ ಇವರು ಸಾಕು. ಮನೆ ಬಾಗಿಲಿಗೆ ಇನ್ನಿಬ್ಬರು ಬೇಕಾಗ್ತಾರೆ."

ನಾಯಕನ ಮೀಸೆ ಅದುರಿತು. ಸಿಟ್ಟೋ ನಗುವೋ ತಿಳಿಯದೆ ಕಾವಲುಗಾರರು ನೆಲ ನೋಡಿದರು. ಕೊನೆಗೆ ನಗುವೇ ಗೆದ್ದಿತು.

"ತಗೊಳ್ಳೇ ತಾಯಿ, ನಿನ್ನ ಚಾಕು. ನನ್ನ ಕಾವಲುಗಾರರನ್ನ ನನಗೆ ಕೊಡು!"

ಅಂದಿನಿಂದ ಮಲ್ಲಾಜಮ್ಮ ಹೂಬುಟ್ಟಿ ಹೊತ್ತು ಬಂದರೆ ಸಾಕು, ಅರಮನೆ ಬಾಗಿಲಲ್ಲಿ ಭರ್ಜಿಗಳು ತಾವಾಗಿ ದಾರಿ ಬಿಡುತ್ತಿದ್ದವು. ಅವಳೂ ತಲೆಯೆತ್ತಿಯೇ ಒಳಗೆ ಹೋಗುತ್ತಿದ್ದಳು.