ಟೇಪಿನ ಬಿಗಿ

ಪದ್ಮಾಕ್ಷಿಯ ಜಡೆಯ ಕೆಂಪು ಟೇಪು ಗೂಡಿನಲ್ಲಿದ್ದ ಮರದ ಬಾಚಣಿಗೆಗೆ ಹೇಳಿತು: “ಅಣ್ಣಾ, ಶಾಲೆಯ ದಿನಗಳಲ್ಲಿ ನನ್ನ ಹಿಡಿತಕ್ಕೆ ಸಿಗದಷ್ಟು ಕೂದಲಿತ್ತು. ಈಗ ಹಣೆಯಂಚೆಲ್ಲ ಬೋಳಾಗುತ್ತಿದೆ. ಎಣ್ಣೆ ಹಚ್ಚಿದರೂ ಉದುರುವುದು ನಿಲ್ಲದು.”

“ಟೈಫಾಯಿಡ್ ಬಂದಾಗ ತಲೆತುಂಬ ಉದುರಿತ್ತು, ಚೇತರಿಸಿಕೊಂಡ ಮೇಲೆ ಬಂತು. ಬಾಣಂತನದಲ್ಲಿ ಉದುರಿದ್ದೂ ತಾನಾಗಿ ಬಂತು,” ಎಂದಿತು ಬಾಚಣಿಗೆ. “ಇದು ಬೇರೆ. ನೀನು ಎಳೆದು ಕಟ್ಟಿದಾಗ ಸೆಳೆತ ಬೀಳುವ ಕಡೆಯೇ ಉದುರುತ್ತಿದೆ.”

“ಒಂದೆಳೆಯೂ ಕಳೆದುಹೋಗದಿರಲಿ ಎಂದೇ ಬಿಗಿಹಿಡಿದೆನಲ್ಲ!”

“ಬಲ್ಲೆ. ಅದಕ್ಕೇ ಇಷ್ಟು ದಿನ ಹೇಳಲು ಬಾಯಿ ಬರಲಿಲ್ಲ.”

ಮರುದಿನ ಟೇಪು ಗಂಟಿಗೆ ನಿಲ್ಲದೆ ಜಾರುತ್ತಲೇ ಇತ್ತು. ಬೇಸತ್ತ ಪದ್ಮಾಕ್ಷಿ ಅದನ್ನು ಗೂಡಿಗೆ ಹಾಕಿ, ಜಡೆಯನ್ನು ಸಡಿಲವಾಗಿ ಹೆಣೆದುಕೊಂಡಳು.

ಕೆಲವು ತಿಂಗಳ ಮೇಲೆ ಅವಳ ಹಣೆಯಂಚಿನಲ್ಲಿ ಮರಿಗೂದಲು ಮೂಡಿತು.

“ಬಾ, ಮುಟ್ಟಿ ನೋಡು,” ಎಂದು ಬಾಚಣಿಗೆ ಕರೆಯಿತು.

“ಇಲ್ಲಿಂದಲೇ ಕಾಣುತ್ತಿದೆ,” ಎಂದಿತು ಟೇಪು.